ದಣಪೆಯಿಂದ ಬಾವಿಕಟ್ಟೆಯವರೆಗೆ: ನೆನಪಿನ ತಂತ್ರಗಳನ್ನು ರೂಢಿಸಿಕೊಳ್ಳುವ ಬಗೆ

ಮಳೆಗಾಲದ ರಾತ್ರಿ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋದಾಗ, ಶಿರಸಿ-ಸಿದ್ದಾಪುರ ಕಡೆಯ ಹಳ್ಳಿಮನೆಗಳಲ್ಲಿ ಎಪ್ಪತ್ತು ದಾಟಿದ ಅಜ್ಜಿಯೂ ಕತ್ತಲಲ್ಲಿ ತಡವರಿಸದೆ ಎದ್ದು, ಹೊಸ್ತಿಲನ್ನು ಎಡವದೆ ನಡುಮನೆ ದಾಟಿ, ಗೋಡೆಯ ಗೂಡಿನಲ್ಲಿಟ್ಟ ಬೆಂಕಿಪೆಟ್ಟಿಗೆಗೆ ನೇರವಾಗಿ ಕೈ ಹಾಕುತ್ತಾರೆ. ಅದೇ ಅಜ್ಜಿ ಬೆಳಗಾದ ಮೇಲೆ, ನಿನ್ನೆ ಬಂದುಹೋದ ನೆಂಟರ ಮೊಮ್ಮಗಳ ಹೆಸರು ಕೇಳಿದರೆ, "ಯಂಗೆ ಈಗೀಗ ಎಂತೂ ನೆನಪಿರ್ತಿಲ್ಲೆ" ಎಂದು ಬೇಸರಪಟ್ಟುಕೊಳ್ಳುತ್ತಾರೆ. ಇವೆರಡೂ ಒಂದೇ ತಲೆಯ ನೆನಪುಗಳು. ಒಂದು ಅಷ್ಟು ಗಟ್ಟಿಯಾಗಿಯೂ ಇನ್ನೊಂದು ಇಷ್ಟು ಸಡಿಲವಾಗಿಯೂ ಇರುವುದು ಏಕೆಂಬುದನ್ನು ಅರಿತವರಿಗೆ ನೆನಪಿನ ತಂತ್ರಗಳ ಅರ್ಧ ಪಾಠ ಅಲ್ಲಿಯೇ ಮುಗಿಯುತ್ತದೆ.

ವಾಸಿಸಿದ ಮನೆ, ನಡೆದ ದಾರಿ, ಕಿವಿಗೆ ಬಿದ್ದ ಧಾಟಿ, ಕಣ್ಣಿಗೆ ಕಟ್ಟಿದ ದೃಶ್ಯ ಇವೆಲ್ಲ ನಾವು ಪ್ರಯತ್ನಿಸದೆಯೇ ಉಳಿಯುತ್ತವೆ. ಹೆಸರು, ಇಸವಿ, ಪಟ್ಟಿ, ಸಂಖ್ಯೆ ಇವು ಎಷ್ಟು ಪ್ರಯತ್ನಿಸಿದರೂ ಜಾರುತ್ತವೆ. ಜಾರುವುದನ್ನು ಉಳಿಯುವುದಕ್ಕೆ ಕಟ್ಟುವುದೇ ಎಲ್ಲ ತಂತ್ರಗಳ ತಿರುಳು. ಹೊಸದಾಗಿ ತಂದ ಕರುವನ್ನು ಕೊಟ್ಟಿಗೆಯಲ್ಲಿ ಆಗಲೇ ನೆಟ್ಟಿರುವ ಗೂಟಕ್ಕೆ ಕಟ್ಟುವ ಹಾಗೆ. ಈ ವಿಷಯದ ಕೈಪಿಡಿಗಳಲ್ಲಿ ಭವ್ಯವಾದ ಅರಮನೆಯೊಂದನ್ನು ಕಲ್ಪಿಸಿಕೊಳ್ಳಿ ಎಂಬ ಸಲಹೆ ಸಾಮಾನ್ಯವಾಗಿ ಸಿಗುತ್ತದೆ. ಕಂಡೇ ಇರದ ಅರಮನೆಯನ್ನು ಮೊದಲು ಕಟ್ಟಿ, ಆಮೇಲೆ ಅದರೊಳಗೆ ವಸ್ತುಗಳನ್ನು ಇಡುವುದು ಎರಡು ಪಟ್ಟು ಕೆಲಸ. ನಮ್ಮ ಮನೆ, ನಮ್ಮ ಕರಾವಳಿಯ ರೈಲುದಾರಿ, ನಮ್ಮ ಅಕ್ಷರಮಾಲೆ ಇವೇ ಬೇಕಾದಷ್ಟು ಗೂಟಗಳನ್ನು ಕೊಡುತ್ತವೆ ಎಂಬುದು ನನ್ನ ಅನುಭವ.

ಯಾವುದನ್ನು ನೆನಪಿಡಬೇಕು, ಯಾವುದನ್ನು ಬೇಡ

ತಂತ್ರವನ್ನು ಹಿಡಿಯುವ ಮೊದಲು ವಿಷಯವನ್ನು ಬೇರ್ಪಡಿಸಿಕೊಳ್ಳಬೇಕು. ಕಾರಣ ತಿಳಿದರೆ ತಾನಾಗಿ ನೆನಪಿರುವ ಸಂಗತಿಗೆ ತಂತ್ರ ಬೇಕಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ದೊಡ್ಡ ನದಿಗಳು ಪಶ್ಚಿಮಕ್ಕೆ ಹರಿಯುತ್ತವೆ ಎಂಬುದನ್ನು, ಘಟ್ಟ ಸಮುದ್ರದ ಕಡೆಗೆ ಇಳಿಯುವುದನ್ನು ಕಂಡವರು ಬಾಯಿಪಾಠ ಮಾಡುವುದಿಲ್ಲ. ಆದರೆ ಆ ನದಿಗಳ ಹೆಸರುಗಳು, ರಾಜ್ಯ ಸ್ಥಾಪನೆಯ ಇಸವಿ, ಛಂದಸ್ಸಿನ ಗಣಗಳು, ಹೊಸ ಪರಿಚಯದವರ ಹೆಸರು ಇವುಗಳಿಗೆ ಒಳಗಿನಿಂದ ಊಹಿಸಬಹುದಾದ ಕಾರಣವಿರುವುದಿಲ್ಲ. ತಂತ್ರ ಇರುವುದು ಇಂಥವಕ್ಕಾಗಿ. ವಿದ್ಯಾರ್ಥಿಗಳು ಅರ್ಥವಾಗದ ಪಾಠವನ್ನು ತಂತ್ರದಿಂದ ದಾಟಲು ಹೊರಟರೆ ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿದರೂ ನಿಂತುಬಿಡುತ್ತಾರೆ. ಆದ್ದರಿಂದ ಅರ್ಥ ಮೊದಲು, ತಂತ್ರ ನಂತರ.

ಇನ್ನು ಕೆಲವನ್ನು ನೆನಪಿಗೆ ಒಪ್ಪಿಸಲೇಬಾರದು. ಔಷಧದ ಪ್ರಮಾಣ ಮತ್ತು ಹೊತ್ತು, ಸಾಲದ ಲೆಕ್ಕ, ಪಹಣಿಯ ಸರ್ವೆ ನಂಬರು ಇವು ಬರವಣಿಗೆಯಲ್ಲಿಯೇ ಇರಬೇಕು. ಹಾಗೆಯೇ, ಹಿರಿಯರು ಪರಿಚಿತ ದಾರಿಯಲ್ಲಿಯೇ ದಿಕ್ಕು ತಪ್ಪುವುದು, ಒಂದೇ ಪ್ರಶ್ನೆಯನ್ನು ಹತ್ತು ನಿಮಿಷಕ್ಕೊಮ್ಮೆ ಕೇಳುವುದು, ದಿನವೂ ಮಾಡುವ ಅಡುಗೆಯ ಕ್ರಮವನ್ನೇ ಮರೆಯುವುದು ಕಂಡುಬಂದರೆ ಅದು ತಂತ್ರದಿಂದ ಸರಿಹೋಗುವ ಮರೆವಲ್ಲ. ವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು.

ಮೊದಲ ಹೆಜ್ಜೆ: ತುಂಡು ಮಾಡುವುದು

ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮನಸ್ಸು ಆ ಕ್ಷಣಕ್ಕೆ ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು ಏಳು ತುಂಡುಗಳನ್ನು ಎಂದು ಹೇಳಿದರು. ನಂತರದ ಸಂಶೋಧಕರು ಆ ಸಂಖ್ಯೆಯನ್ನು ನಾಲ್ಕರ ಆಸುಪಾಸಿಗೆ ಇಳಿಸಿದ್ದಾರೆ. ಸಂಖ್ಯೆ ಯಾವುದಾದರೂ ಇರಲಿ, ತುಂಡು ಎಷ್ಟು ದೊಡ್ಡದಿರಬೇಕು ಎಂಬುದನ್ನು ನಿರ್ಧರಿಸುವವರು ನಾವು. ಕಾರವಾರದ ಪಿನ್ ಕೋಡ್ 581301, ಶಿರಸಿಯದು 581401. ಇವನ್ನು ಹನ್ನೆರಡು ಅಂಕಿಗಳೆಂದು ನೋಡಿದರೆ ಭಾರ. ಎರಡಕ್ಕೂ ಮೊದಲ 581 ಸಮಾನವೆಂದು ಗಮನಿಸಿದರೆ ಉಳಿಯುವುದು 301 ಮತ್ತು 401 ಮಾತ್ರ. ಹತ್ತು ಅಂಕಿಯ ಮೊಬೈಲ್ ಸಂಖ್ಯೆಯನ್ನು ಮೂರು-ಮೂರು-ನಾಲ್ಕಾಗಿ ಒಡೆದು ಜೋರಾಗಿ ಹೇಳಿಕೊಳ್ಳುವುದೂ ಇದೇ ಉಪಾಯ. ಪಟ್ಟಿಯಲ್ಲಿ ಏಳಕ್ಕಿಂತ ಹೆಚ್ಚು ಅಂಶಗಳಿದ್ದರೆ, ಬೇರೆ ಯಾವ ತಂತ್ರವನ್ನು ಬಳಸುವುದಿದ್ದರೂ ಮೊದಲು ಅದನ್ನು ಮೂರು ನಾಲ್ಕು ಗುಂಪುಗಳಾಗಿ ಮಾಡಿಕೊಳ್ಳಿ.

ಎರಡನೆಯ ಹೆಜ್ಜೆ: ಮೊದಲಕ್ಷರಗಳು

ಈ ವಿಧಾನ ಎಲ್ಲರಿಗೂ ಪರಿಚಿತವಾದ್ದರಿಂದ ಹೆಚ್ಚು ವಿವರಿಸುವುದಿಲ್ಲ. ಛಂದಸ್ಸು ಕಲಿತವರೆಲ್ಲ 'ಯಮಾತಾರಾಜಭಾನಸಲಗಂ' ಎಂಬ ಸೂತ್ರವನ್ನು ಬಲ್ಲರು. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರು ಅಕ್ಷರ ಹಿಡಿದು ಓದಿದರೆ ಗುರು ಲಘುಗಳ ವಿನ್ಯಾಸವೇ ಸಿಗುತ್ತದೆ. 'ಯಮಾತಾ' ಎಂದರೆ ಲಘು-ಗುರು-ಗುರು, ಅದು ಯಗಣ. 'ಜಭಾನ' ಎಂದರೆ ಲಘು-ಗುರು-ಲಘು, ಅದು ಜಗಣ. ಹೆಸರು ಮತ್ತು ಹೆಸರಿನ ಲಕ್ಷಣ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಇಂಥ ಅಚ್ಚುಕಟ್ಟು ಸೂತ್ರ ಎಲ್ಲಕ್ಕೂ ಸಿಗುವುದಿಲ್ಲ. ಸಿಗದಿದ್ದಾಗ ಮೊದಲಕ್ಷರಗಳಿಂದ ವಾಕ್ಯವೊಂದನ್ನು ನೀವೇ ಮಾಡಿ. ಜಿಲ್ಲೆಯ ಕರಾವಳಿ ತಾಲೂಕುಗಳು ಉತ್ತರದಿಂದ ದಕ್ಷಿಣಕ್ಕೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. "ಕಾಕ ಅಂಗಳದ ಕುಂಬಳ ಹೊತ್ತು ಭರದಿಂದ ನಡೆದ" ಎಂಬ ವಾಕ್ಯ ಮಕ್ಕಳ ನಾಲಿಗೆಯಲ್ಲಿ ಒಂದೇ ಸಲಕ್ಕೆ ಕೂರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನದಿಗಳ ಸಾಲಿಗೆ ಮಕ್ಕಳಿಂದಲೇ ವಾಕ್ಯ ಮಾಡಿಸಿ. ದೊಡ್ಡವರು ಮಾಡಿಕೊಟ್ಟ ವಾಕ್ಯಕ್ಕಿಂತ ತಾವೇ ಕಟ್ಟಿದ ವಾಕ್ಯ ಅವರಲ್ಲಿ ಹೆಚ್ಚು ದಿನ ಉಳಿಯುತ್ತದೆ.

ಮೂರನೆಯ ಹೆಜ್ಜೆ: ಸರಪಳಿ

ಮೊದಲಕ್ಷರದ ವಾಕ್ಯ ಐದಾರು ಹೆಸರುಗಳಿಗೆ ಸಾಕು. ಅದಕ್ಕಿಂತ ಉದ್ದದ ಸಾಲಿಗೆ ಚಿತ್ರಗಳ ಸರಪಳಿ ಬೇಕು. ಉದಾಹರಣೆಗೆ ನಮ್ಮ ಜಿಲ್ಲೆಯೊಳಗಿನ ಕೊಂಕಣ ರೈಲು ನಿಲ್ದಾಣಗಳನ್ನು ತೆಗೆದುಕೊಳ್ಳೋಣ. ಉತ್ತರದಿಂದ ಅಸ್ನೋಟಿ, ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ, ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ, ಚಿತ್ರಾಪುರ, ಭಟ್ಕಳ; ಒಟ್ಟು ಹನ್ನೆರಡು.

ಮೊದಲು ಪ್ರತಿಯೊಂದು ಹೆಸರಿಗೂ ಕಣ್ಣಿಗೆ ಕಾಣುವ ಒಂದು ವಸ್ತುವನ್ನು ಗೊತ್ತುಮಾಡಿಕೊಳ್ಳಬೇಕು. ಅದು ಹೆಸರಿನ ಧ್ವನಿಯಿಂದ ಬರಬಹುದು, ಊರಿನ ಪ್ರಸಿದ್ಧಿಯಿಂದಲೂ ಬರಬಹುದು. ಅಸ್ನೋಟಿಗೆ ನೋಟು, ಕಾರವಾರಕ್ಕೆ ಕಾರು, ಹಾರವಾಡಕ್ಕೆ ಹೂವಿನ ಹಾರ, ಅಂಕೋಲೆಗೆ ಕರಿ ಇಶಾಡ ಮಾವು, ಗೋಕರ್ಣಕ್ಕೆ ಆಕಳ ಕಿವಿ, ಮಿರ್ಜಾನಕ್ಕೆ ಕೋಟೆ, ಕುಮಟೆಗೆ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿ, ಹೊನ್ನಾವರಕ್ಕೆ ಹೊನ್ನು, ಮಂಕಿಗೆ ಮಂಗ, ಮುರ್ಡೇಶ್ವರಕ್ಕೆ ಸಮುದ್ರದ ದಡದ ಬೃಹತ್ ಶಿವ, ಚಿತ್ರಾಪುರಕ್ಕೆ ಚಿತ್ರ, ಭಟ್ಕಳಕ್ಕೆ ಮಲ್ಲಿಗೆ.

ಅನಂತರ ಒಂದನ್ನು ಮುಂದಿನದಕ್ಕೆ ಹೆಣೆಯಿರಿ. ಮೈಯೆಲ್ಲ ನೋಟು ಮೆತ್ತಿಕೊಂಡ ಕಾರು ಬರುತ್ತಿದೆ. ಕಾರಿಗೆ ಮದುಮಗನಿಗೆ ಹಾಕುವಂಥ ದೊಡ್ಡ ಹಾರ. ಹಾರದಲ್ಲಿ ಹೂವಿನ ಬದಲು ಇಶಾಡ ಮಾವಿನ ಹಣ್ಣುಗಳು ತೂಗುತ್ತಿವೆ. ಹಣ್ಣೊಂದು ಉದುರಿ ಆಕಳ ಕಿವಿಯೊಳಗೆ ಬಿತ್ತು. ಇಣುಕಿ ನೋಡಿದರೆ ಕಿವಿಯೊಳಗೆ ಕೆಂಪು ಕಲ್ಲಿನ ಕೋಟೆ. ಕೋಟೆಯ ಗೋಡೆಯಿಂದ ಈರುಳ್ಳಿಯ ಜಡೆಗಳು ಇಳಿಬಿದ್ದಿವೆ. ಈರುಳ್ಳಿಯ ಸಿಪ್ಪೆ ಬಿಡಿಸಿದರೆ ಒಳಗೆ ಹೊನ್ನಿನ ನಾಣ್ಯ. ನಾಣ್ಯವನ್ನು ಕಸಿದ ಮಂಗ ಶಿವನ ಹೆಗಲನ್ನೇರಿತು. ಶಿವನು ಕುಂಚ ಹಿಡಿದು ಆ ಮಂಗನ ಚಿತ್ರ ಬರೆದನು. ಚಿತ್ರ ಒಣಗುತ್ತಿದ್ದಂತೆ ಅದರಿಂದ ಮಲ್ಲಿಗೆಯ ಪರಿಮಳ ಬಂತು. ಇದನ್ನು ನಿಧಾನವಾಗಿ, ಪ್ರತಿ ದೃಶ್ಯವೂ ಕಣ್ಣೆದುರು ಮೂಡುವವರೆಗೆ ಕಾಯುತ್ತ ಎರಡು ಸಲ ಓದಿ, ಕಾಗದವನ್ನು ಮಗುಚಿಟ್ಟು ಹನ್ನೆರಡೂ ಹೆಸರುಗಳನ್ನು ಹೇಳಿ. ಆಮೇಲೆ ಭಟ್ಕಳದಿಂದ ಅಸ್ನೋಟಿಗೆ ಹಿಮ್ಮುಖವಾಗಿಯೂ ಹೇಳಿ ನೋಡಿ.

ಸರಪಳಿಗೆ ಒಂದು ದೌರ್ಬಲ್ಯವಿದೆ: ನಡುವಿನ ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲವೂ ಕೈತಪ್ಪುತ್ತದೆ. ಈ ಅಪಾಯವನ್ನು ವೇದಾಧ್ಯಯನದ ಪರಂಪರೆ ಬಹಳ ಹಿಂದೆಯೇ ಕಂಡುಕೊಂಡಿತ್ತು. ಗೋಕರ್ಣದಂಥ ಊರಿನಲ್ಲಿ ಬೆಳಗಿನ ಹೊತ್ತು ಕೇಳಿಬರುವ ವೇದಪಾಠವನ್ನು ಗಮನವಿಟ್ಟು ಕೇಳಿದರೆ ಅದರ ರಚನೆ ತಿಳಿಯುತ್ತದೆ. ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು, ಮೂರು-ನಾಲ್ಕು ಎಂದು ಪದಗಳನ್ನು ಜೋಡಿಯಾಗಿ ಹೇಳುತ್ತಾರೆ. ಜಟಾಪಾಠದಲ್ಲಿ ಪ್ರತಿ ಜೋಡಿಯನ್ನು ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಹಿಂದೆ ಮುಂದೆ ಹೆಣೆಯುತ್ತಾರೆ. ಘನಪಾಠ ಇನ್ನೂ ದಟ್ಟವಾದದ್ದು. ಪ್ರತಿ ಪದವೂ ತನ್ನ ಎರಡೂ ಬದಿಯ ನೆರೆಹೊರೆಗೆ ಹಲವು ಸಲ ಕಟ್ಟಲ್ಪಡುವುದರಿಂದ ಒಂದು ಪದ ಬಿಟ್ಟುಹೋದರೆ ಕೂಡಲೇ ಗೊತ್ತಾಗುತ್ತದೆ. ನಿಮ್ಮ ಸರಪಳಿಯಲ್ಲಿ ಪದೇ ಪದೇ ಕಳಚುವ ಕೊಂಡಿಯಿದ್ದರೆ ಆ ಜೋಡಿಯನ್ನು ಮಾತ್ರ ಜಟೆಯಂತೆ ಹಿಂದೆ ಮುಂದೆ ನಾಲ್ಕು ಸಲ ಹೇಳಿಕೊಳ್ಳಿ. ಇಡೀ ಪಟ್ಟಿಯನ್ನು ಮೊದಲಿನಿಂದ ಉರು ಹೊಡೆಯುವುದಕ್ಕಿಂತ ಇದು ಬೇಗ ಫಲ ಕೊಡುತ್ತದೆ.

ನಾಲ್ಕನೆಯ ಹೆಜ್ಜೆ: ಮನೆಯೊಳಗೆ ಇಡುವುದು

ಎಲ್ಲ ತಂತ್ರಗಳಲ್ಲಿ ಇದು ಅತ್ಯಂತ ಬಲವಾದದ್ದು. ಪ್ರಾಚೀನ ಗ್ರೀಸಿನ ಕವಿ ಸಿಮೋನಿಡಿಸ್ ಔತಣವೊಂದರಿಂದ ಹೊರಬಂದಾಗ ಸಭಾಂಗಣದ ಚಾವಣಿ ಕುಸಿಯಿತೆಂದೂ, ಯಾರು ಎಲ್ಲಿ ಕುಳಿತಿದ್ದರೆಂಬುದನ್ನು ನೆನೆಸಿಕೊಂಡು ಅವನು ಗುರುತು ಸಿಗದ ಶವಗಳ ಗುರುತು ಹೇಳಿದನೆಂದೂ ರೋಮಿನ ವಾಗ್ಮಿ ಸಿಸೆರೋ ದಾಖಲಿಸಿದ್ದಾನೆ. ಸ್ಥಳಕ್ಕೆ ಕಟ್ಟಿದ ನೆನಪು ಗಟ್ಟಿ ಎಂಬ ಆ ಅರಿವನ್ನು ರೋಮಿನ ಭಾಷಣಕಾರರು ಕಾಗದವಿಲ್ಲದೆ ದೀರ್ಘವಾಗಿ ಮಾತನಾಡಲು ಬಳಸಿದರು. ಸಾಮಾನ್ಯ ಜನರಿಗೂ ಇದು ಸಾಧ್ಯವೇ ಎಂಬುದನ್ನು ಪರೀಕ್ಷಿಸಿದ, 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ವಾರಗಳ ಕಾಲ ದಿನಕ್ಕೆ ಅರ್ಧ ಗಂಟೆ ಈ ವಿಧಾನವನ್ನು ಅಭ್ಯಾಸ ಮಾಡಿದವರು 72 ಪದಗಳ ಪಟ್ಟಿಯಲ್ಲಿ ಸರಾಸರಿ 26 ಪದಗಳನ್ನು ಹೇಳುತ್ತಿದ್ದವರು 62ರವರೆಗೆ ಹೇಳಬಲ್ಲವರಾದರು; ನಾಲ್ಕು ತಿಂಗಳ ನಂತರವೂ ಆ ಲಾಭ ಬಹುಮಟ್ಟಿಗೆ ಉಳಿದಿತ್ತು. ಅವರಾರೂ ಹುಟ್ಟು ಪ್ರತಿಭಾವಂತರಾಗಿರಲಿಲ್ಲ.

ಮೊದಲು ದಾರಿಯನ್ನು ನಿಶ್ಚಯಿಸಿ. ನಮ್ಮ ಕಡೆಯ ಹಳೆಯ ಮನೆಯಾದರೆ ಹೊರಗಿನಿಂದ ಒಳಗೆ ಹೋಗುವ ಕ್ರಮ ಸಹಜವಾಗಿಯೇ ಹೀಗಿರುತ್ತದೆ: ದಣಪೆ (ಅಂಗಳದ ಹೊರಗಿನ, ಅಡ್ಡಕೋಲುಗಳ ಬಾಗಿಲು), ತುಳಸಿಕಟ್ಟೆ, ಜಗಲಿ, ಹೆಬ್ಬಾಗಿಲು, ನಡುಮನೆ, ದೇವರ ಕೋಣೆ, ಅಡುಗೆಮನೆ, ಬಚ್ಚಲುಮನೆ, ಕೊಟ್ಟಿಗೆ, ಬಾವಿಕಟ್ಟೆ. ಹತ್ತು ತಾಣಗಳಾದವು. ಕಾರವಾರದ ಅಪಾರ್ಟ್‌ಮೆಂಟಿನಲ್ಲಿ ಇರುವವರು ಗೇಟು, ಮೆಟ್ಟಿಲು, ಚಪ್ಪಲಿಯ ಗೂಡು, ಸೋಫಾ, ಫ್ರಿಜ್ ಹೀಗೆ ತಮ್ಮದೇ ದಾರಿಯನ್ನು ಮಾಡಿಕೊಳ್ಳಬಹುದು. ಕ್ರಮ ಎಂದೂ ಬದಲಾಗಬಾರದು. ಎರಡು ತಾಣಗಳು ಒಂದನ್ನೊಂದು ಹೋಲಬಾರದು. ನಡೆಯುವಾಗ ಹಿಂದಿರುಗಿ ಬರುವ ಪ್ರಸಂಗ ಇರಬಾರದು. ದಾರಿಯನ್ನು ಗೊತ್ತುಮಾಡಿಕೊಂಡ ಮೇಲೆ ಒಮ್ಮೆ ನಿಜವಾಗಿಯೂ ಎದ್ದು ನಡೆದು, ಪ್ರತಿ ತಾಣದಲ್ಲಿ ಅರೆಗಳಿಗೆ ನಿಂತು, ಅಲ್ಲಿನ ಬೆಳಕು, ವಾಸನೆ, ಕಾಲಿಗೆ ತಾಗುವ ನೆಲದ ತಂಪನ್ನು ಗಮನಿಸಿ.

ಈಗ ಇಡಬೇಕಾದುದನ್ನು ತೆಗೆದುಕೊಳ್ಳಿ. ಹಲವು ವರ್ಷಗಳ ಹಿಂದೆ ಸಹಕಾರಿ ಸಂಘವೊಂದರ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಅಡಿಕೆ ತೋಟಿಗರ ಪರವಾಗಿ ಏಳು ಅಂಶಗಳನ್ನು ಹೇಳಬೇಕಾಗಿತ್ತು. ನಾಲ್ಕನೆಯದನ್ನು ಮರೆತು ಕುಳಿತುಬಿಟ್ಟೆ, ಅದೇ ಮುಖ್ಯವಾದ ಅಂಶವಾಗಿತ್ತು ಎಂಬ ನೋವು ನನಗೆ ಇಂದಿಗೂ ಇದೆ. ಆ ಏಳನ್ನೇ ಇಲ್ಲಿ ಮನೆಯೊಳಗೆ ಇಡುತ್ತೇನೆ. ಒಂದನೆಯದು ಅತಿಯಾದ ಮಳೆ: ದಣಪೆಯ ಅಡ್ಡಕೋಲುಗಳ ಸಂದಿಯಿಂದ ಜಲಪಾತವೇ ನುಗ್ಗುತ್ತಿದೆ. ಎರಡನೆಯದು ಕೊಳೆರೋಗ: ತುಳಸಿಕಟ್ಟೆಯಲ್ಲಿ ತುಳಸಿಯ ಬದಲು ಕೊಳೆತ ಅಡಿಕೆಯ ರಾಶಿ, ನೊಣಗಳು ಮುತ್ತಿವೆ. ಮೂರನೆಯದು ಕೊಳೆಗೆ ಹೊಡೆಯುವ ಮದ್ದಿಗೆ ಬೇಕಾದ ನೀಲಿ ಮೈಲುತುತ್ತದ ಬೆಲೆಯೇರಿಕೆ: ಜಗಲಿಯಿಡೀ ನೀಲಿಯಾಗಿದೆ, ಅಲ್ಲಿ ಅಕ್ಕಸಾಲಿಗರು ಕುಳಿತು ಮೈಲುತುತ್ತವನ್ನು ಚಿನ್ನದ ತಕ್ಕಡಿಯಲ್ಲಿ ತೂಗುತ್ತಿದ್ದಾರೆ. ನಾಲ್ಕನೆಯದು ಅಡಿಕೆಮರವೇರಿ ಮದ್ದು ಹೊಡೆಯುವ ಕೊನೆಗೌಡರ ಕೊರತೆ: ಹೆಬ್ಬಾಗಿಲ ನಡುವೆ ಮುಗಿಲೆತ್ತರದ ಅಡಿಕೆಮರ ಬೆಳೆದು ನಿಂತಿದೆ, ಏರುವವರಿಲ್ಲದೆ ಮನೆಯವರೆಲ್ಲ ಅದರ ಬುಡದಲ್ಲಿ ಕತ್ತೆತ್ತಿ ನಿಂತಿದ್ದಾರೆ. ಐದನೆಯದು ನೆಲದಲ್ಲಿ ನಿಂತೇ ಮರದ ತುದಿ ಮುಟ್ಟುವ ಉದ್ದನೆಯ ಕೋಲಾದ ದೋಟಿಗೆ ಸಹಾಯಧನ: ನಡುಮನೆಯಿಂದ ಹೊರಟ ದೋಟಿ ಹಂಚನ್ನು ತೂರಿಕೊಂಡು ಆಕಾಶಕ್ಕೆ ಹೋಗಿದೆ. ಆರನೆಯದು ಮಂಗಗಳ ಹಾವಳಿ: ದೇವರ ಕೋಣೆಯಲ್ಲಿ ಮಂಗ ಗಂಟೆ ಬಾರಿಸುತ್ತಿದೆ. ಏಳನೆಯದು ಬೆಳೆ ವಿಮೆ: ಅಡುಗೆಮನೆಯ ಒಲೆಯ ಮೇಲೆ ವಿಮೆಯ ಅರ್ಜಿಗಳು ಕೊತಕೊತ ಕುದಿಯುತ್ತಿವೆ, ಇನ್ನೂ ಬೆಂದಿಲ್ಲ.

ಸಭೆಯಲ್ಲಿ ನಿಂತಾಗ ಮನಸ್ಸಿನಲ್ಲಿ ದಣಪೆಯನ್ನು ದಾಟಿ ನಡೆಯುತ್ತ ಹೋದರೆ ಸಾಕು, ಪ್ರತಿ ಅಂಶವೂ ತನ್ನ ಜಾಗದಲ್ಲಿ ಕಾಯುತ್ತಿರುತ್ತದೆ. ಸರಪಳಿಯಂತಲ್ಲದೆ, ಒಂದು ಮಸುಕಾದರೂ ಮುಂದಿನ ಕೋಣೆಗೆ ಹೋಗಲು ತಡೆಯಿಲ್ಲ. ಯಾರಾದರೂ ನಡುವೆ ಪ್ರಶ್ನೆ ಕೇಳಿದರೂ ಎಲ್ಲಿ ನಿಂತಿದ್ದೆವೆಂಬುದು ತಪ್ಪುವುದಿಲ್ಲ. ಯಕ್ಷಗಾನದ ಅರ್ಥಧಾರಿಗಳು ಮಾತನ್ನು ಅಕ್ಷರಶಃ ಉರು ಹೊಡೆಯದೆ, ಭಾಗವತರ ಪದ್ಯಗಳ ಕ್ರಮವನ್ನು ಆಧಾರವಾಗಿಟ್ಟುಕೊಂಡು ರಾತ್ರಿಯಿಡೀ ಆಶುವಾಗಿ ಮಾತನಾಡುವುದನ್ನು ಕಂಡವರಿಗೆ ಇದರ ಸ್ವರೂಪ ಸುಲಭವಾಗಿ ತಿಳಿಯುತ್ತದೆ: ಕ್ರಮವು ಸ್ಥಿರ, ಮಾತು ಸ್ವತಂತ್ರ.

ಚಿತ್ರ ಮೂಡದಿದ್ದರೆ ಬಹಳ ಸಲ ಕಾರಣ ಒಂದೇ, ಅದು ತೀರಾ ಸಾಧಾರಣವಾಗಿರುತ್ತದೆ. ಜಗಲಿಯ ಮೇಲೆ ಮೈಲುತುತ್ತದ ಚೀಲವಿದೆ ಎಂದರೆ ಅದು ನಿತ್ಯದ ನೋಟ, ಮನಸ್ಸು ಅದನ್ನು ಗುರುತಿಸುವುದಿಲ್ಲ. ಗಾತ್ರ ಹಿಗ್ಗಿಸಿ, ಸಂಖ್ಯೆ ಹೆಚ್ಚಿಸಿ, ಚಲನೆ ಕೊಡಿ, ವಾಸನೆ ಸೇರಿಸಿ, ವಸ್ತುವು ತಾಣಕ್ಕೆ ಏನನ್ನಾದರೂ ಮಾಡುತ್ತಿರಲಿ.

ಐದನೆಯ ಹೆಜ್ಜೆ: ಅಂಕಿಯನ್ನು ಅಕ್ಷರವಾಗಿಸುವುದು

ಇಸವಿಗಳಿಗೆ ಚಿತ್ರವಿಲ್ಲ, ಆದ್ದರಿಂದಲೇ ಅವು ಎಲ್ಲಕ್ಕಿಂತ ಬೇಗ ಮರೆಯುತ್ತವೆ. ಇದಕ್ಕೆ ಪರಿಹಾರ ನಮ್ಮ ವರ್ಣಮಾಲೆಯಲ್ಲಿಯೇ ಇದೆ. ಕಟಪಯಾದಿ ಎಂಬ ಪ್ರಾಚೀನ ಪದ್ಧತಿಯಲ್ಲಿ ವ್ಯಂಜನಗಳಿಗೆ ಬೆಲೆ ಹೀಗಿದೆ:

1 – ಕ, ಟ, ಪ, ಯ
2 – ಖ, ಠ, ಫ, ರ
3 – ಗ, ಡ, ಬ, ಲ
4 – ಘ, ಢ, ಭ, ವ
5 – ಙ, ಣ, ಮ, ಶ
6 – ಚ, ತ, ಷ
7 – ಛ, ಥ, ಸ
8 – ಜ, ದ, ಹ
9 – ಝ, ಧ, ಳ
0 – ಞ, ನ

ಒಂಟಿಯಾಗಿ ಬರುವ ಸ್ವರಕ್ಕೂ ಸೊನ್ನೆ. ವ್ಯಂಜನಕ್ಕೆ ಸೇರಿದ ಸ್ವರಕ್ಕೆ ಬೆಲೆಯಿಲ್ಲ. ಒತ್ತಕ್ಷರ ಬಂದರೆ ಕೊನೆಯ ವ್ಯಂಜನವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಪರಂಪರೆಯಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಕರ್ನಾಟಕ ಸಂಗೀತದ, ಕ್ರಮಸಂಖ್ಯೆಯುಳ್ಳ ಮೂಲರಾಗಗಳಾದ ಮೇಳಕರ್ತ ರಾಗಗಳ ಹೆಸರಿನಲ್ಲಿ ಇದು ಅಡಗಿದೆ: ಮಾಯಾಮಾಳವಗೌಳದ ಮೊದಲೆರಡು ಅಕ್ಷರ ಮಾ 5, ಯಾ 1, ತಿರುಗಿಸಿದರೆ 15ನೆಯ ಮೇಳ, ಮೇಚಕಲ್ಯಾಣಿಯ ಮೇ 5, ಚ 6, ಅದು 65ನೆಯದು. ಮನೆಯ ಬಳಕೆಗೆ ಮಾತ್ರ ಎಡದಿಂದ ಬಲಕ್ಕೆ ಓದುವುದೇ ಅನುಕೂಲವೆಂದು ನನಗೆ ಕಂಡಿದೆ. ಯಾವುದನ್ನಾದರೂ ಹಿಡಿಯಿರಿ, ಎರಡನ್ನೂ ಬೆರೆಸಬೇಡಿ.

ಶತಮಾನ ಹೇಗೂ ಗೊತ್ತಿರುವುದರಿಂದ ಕೊನೆಯ ಎರಡು ಅಂಕಿಗಳಿಗೆ ಪದ ಹುಡುಕಿದರೆ ಸಾಕು. ಉತ್ತರ ಕನ್ನಡವು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. 62 ಎಂದರೆ ತ ಮತ್ತು ರ, 'ತೇರು'. ಇಡೀ ಜಿಲ್ಲೆಯನ್ನು ತೇರಿನ ಮೇಲೆ ಕೂರಿಸಿ ಮದ್ರಾಸಿನಿಂದ ಮುಂಬಯಿಯ ಕಡೆಗೆ ಎಳೆದೊಯ್ಯುವ ದೃಶ್ಯವನ್ನು ಕಂಡವರಿಗೆ ಈ ಇಸವಿ ಮತ್ತೆ ಮರೆಯದು. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು 1930ರಲ್ಲಿ. 30 ಎಂದರೆ 'ಬೆನ್ನು', ಬ 3, ನ್ನ 0. ಸತ್ಯಾಗ್ರಹಿಗಳು ಉಪ್ಪಿನ ಮೂಟೆಯನ್ನು ಬೆನ್ನ ಮೇಲೆ ಹೊತ್ತಿದ್ದಾರೆ. ಭಾಷಾವಾರು ರಾಜ್ಯ ರಚನೆಯಾದದ್ದು 1956ರಲ್ಲಿ. 56 ಎಂದರೆ 'ಮಾತು', ಮಾತಿನ ಮೇಲೆಯೇ ಕಟ್ಟಿದ ರಾಜ್ಯಕ್ಕೆ ಇದಕ್ಕಿಂತ ಹೊಂದುವ ಪದ ಸಿಗಲಾರದು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ. 73ಕ್ಕೆ ನಾನು ಮೊದಲು 'ಸೊಲ್ಲು' ಎಂಬ ಪದವನ್ನು ಇಟ್ಟುಕೊಂಡಿದ್ದೆ. ಆದರೆ ಮಾತು ಮತ್ತು ಸೊಲ್ಲು ಅರ್ಥದಲ್ಲಿ ಹತ್ತಿರವಾದ್ದರಿಂದ ಎರಡು ಇಸವಿಗಳೂ ಒಂದಕ್ಕೊಂದು ಅದಲುಬದಲಾಗುತ್ತಿದ್ದವು. 'ಸಾಲು' ಎಂದು ಬದಲಿಸಿ, ಹೊಸ ಹೆಸರು ಬರೆದ ನಾಮಫಲಕಗಳು ರಸ್ತೆಯುದ್ದಕ್ಕೂ ಸಾಲಾಗಿ ನಿಂತಂತೆ ಕಲ್ಪಿಸಿಕೊಂಡ ಮೇಲೆ ಗೊಂದಲ ಹೋಯಿತು. ಹತ್ತಿರದ ಎರಡು ಸಂಗತಿಗಳಿಗೆ ದೂರದ ಎರಡು ಚಿತ್ರಗಳನ್ನೇ ಆರಿಸಬೇಕು.

ಈ ಕೋಷ್ಟಕ ಕೈವಶವಾಗಲು ವಾರವೊಂದು ಬೇಕು. ದಾರಿಯಲ್ಲಿ ಕಾಣುವ ಅಂಗಡಿಯ ಹೆಸರುಗಳನ್ನು ಅಂಕಿಯಾಗಿಯೂ, ವಾಹನಗಳ ನಂಬರುಗಳನ್ನು ಪದವಾಗಿಯೂ ಬದಲಿಸುತ್ತ ಹೋಗುವುದು ಒಳ್ಳೆಯ ಅಭ್ಯಾಸ.

ಆರನೆಯ ಹೆಜ್ಜೆ: ಹೆಸರು ಮತ್ತು ಮುಖ

1987ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದು ಇಲ್ಲಿ ದಾರಿ ತೋರುತ್ತದೆ. ಒಂದೇ ಪದವನ್ನು ಅಡ್ಡಹೆಸರೆಂದು ಹೇಳಿದಾಗ ಮರೆತುಹೋಗುವುದು, ಕಸುಬೆಂದು ಹೇಳಿದಾಗ ನೆನಪಿನಲ್ಲಿ ಉಳಿಯುವುದು ಅದರಲ್ಲಿ ಕಂಡುಬಂತು. ನಮ್ಮ ಕರಾವಳಿಗೆ ಇಳಿಸಿ ಹೇಳುವುದಾದರೆ, "ಇವರು ಅಂಬಿಗ" ಎಂದು ಅಡ್ಡಹೆಸರನ್ನಷ್ಟೇ ಹೇಳಿದರೆ ಪದ ಬರಿದಾಗಿ ಉಳಿಯುತ್ತದೆ. ಇವರು ದೋಣಿ ನಡೆಸುವ ಅಂಬಿಗರು ಎಂದರೆ ಶರಾವತಿ, ಹುಟ್ಟು, ಒದ್ದೆಯಾದ ಕಾಲು, ಆಚೆ ದಡ ಎಲ್ಲವೂ ಒಟ್ಟಿಗೆ ಬರುತ್ತವೆ. ಆದ್ದರಿಂದ ಹೊಸ ಹೆಸರನ್ನು ಕೇಳಿದಾಗ ಅದನ್ನು ಹೆಸರಾಗಿ ಬಿಡದೆ ದೃಶ್ಯವಾಗಿಸಬೇಕು. ಹೆಸರು ಕೇಳಿದ ಕೂಡಲೇ ಒಮ್ಮೆ ಅವರೆದುರೇ ಹೇಳಿ, "ಹೌದಾ ನಾಗವೇಣಿ ಅಕ್ಕಾ, ನಿಮ್ಮ ಊರು ಯಾವುದು?" ಎಂದು ಕೇಳಿ. ಆಮೇಲೆ ಅವರ ಮುಖದಲ್ಲಿ ಮೊದಲು ಕಣ್ಣಿಗೆ ಬಿದ್ದ ಲಕ್ಷಣಕ್ಕೆ ಹೆಸರಿನ ಚಿತ್ರವನ್ನು ಕಟ್ಟಿ. ಉದ್ದನೆಯ ಜಡೆಯಲ್ಲಿ ಹೆಡೆಯೆತ್ತಿದ ನಾಗ. ನಮ್ಮ ಜಿಲ್ಲೆಯಲ್ಲಿ ನಾಯ್ಕ, ಗೌಡ, ಹೆಗಡೆ, ಭಟ್ಟ ಎಂಬ ಅಡ್ಡಹೆಸರುಗಳು ಮನೆಮನೆಗೂ ಇರುವುದರಿಂದ ಅಡ್ಡಹೆಸರಿಗಿಂತ ಊರು ಹೆಚ್ಚು ಉಪಯುಕ್ತ ಗೂಟ. ಊರು ಕೇಳುವ ನಮ್ಮ ಪದ್ಧತಿ ನೆನಪಿನ ದೃಷ್ಟಿಯಿಂದಲೂ ಬಹಳ ಒಳ್ಳೆಯದು.

ಏಳನೆಯ ಹೆಜ್ಜೆ: ಧಾಟಿ

ಅಂಕೋಲಾ ತಾಲೂಕಿನ ಬಡಗೇರಿಯ, ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಸಾವಿರಾರು ಹಾಡುಗಳನ್ನು ನೆನಪಿನಲ್ಲಿಯೇ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಪಡೆದ ಅವರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಷ್ಟು ಹಾಡುಗಳು ಒಬ್ಬರ ಕೊರಳಿನಲ್ಲಿ ಉಳಿದದ್ದು ಹೇಗೆಂದು ಯೋಚಿಸಿದರೆ, ಧಾಟಿ ಮುಂದಿನ ಸಾಲಿನ ಅಳತೆಯನ್ನು ಮೊದಲೇ ಗೊತ್ತುಮಾಡಿಕೊಡುತ್ತದೆ, ಮರುಕಳಿಸುವ ಪಲ್ಲವಿ ಉಸಿರಾಡಲು ಬಿಡುವು ಕೊಡುತ್ತದೆ, ಸುಗ್ಗಿ ಮದುವೆಗಳ ಸಂದರ್ಭ ಯಾವ ಹಾಡು ಯಾವಾಗ ಎಂಬುದನ್ನು ನೆನಪಿಸುತ್ತದೆ ಎಂಬುದು ತಿಳಿಯುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂರಿಸಿ ಮಗ್ಗಿ, ಇಪ್ಪತ್ತೇಳು ನಕ್ಷತ್ರ, ಅರವತ್ತು ಸಂವತ್ಸರಗಳನ್ನು ರಾಗವಾಗಿ ಹೇಳಿಸುತ್ತಿದ್ದ ಹಿಂದಿನವರ ಪದ್ಧತಿಯ ಬಲವೂ ಇದೇ. ಸೂತ್ರಗಳನ್ನೋ ವ್ಯಾಕರಣದ ನಿಯಮಗಳನ್ನೋ ಕಲಿಯಬೇಕಾದ ಮಗುವಿಗೆ ಅದು ಬಲ್ಲ ಹಾಡೊಂದರ ಧಾಟಿಯನ್ನು ಕೊಟ್ಟು ನೋಡಿ. ಒಂದು ಎಚ್ಚರ: ಧಾಟಿಯಲ್ಲಿ ಕಲಿತದ್ದು ಮೊದಲಿನಿಂದ ಹೇಳಿದರೆ ಮಾತ್ರ ಬರುತ್ತದೆ, ನಡುವಿನಿಂದ ಕೇಳಿದರೆ ತಡವರಿಸುತ್ತದೆ. ನಡುವಿನಿಂದ ಬೇಕಾಗುವ ಪಟ್ಟಿಗೆ ಮನೆಯ ತಾಣಗಳೇ ಸೂಕ್ತ.

ಎಂಟನೆಯ ಹೆಜ್ಜೆ: ತಿರುಗಿ ಕರೆಯುವುದು

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ, ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಕಲಿತು ಅಳೆದು, ಮರೆವು ಮೊದಲ ಕೆಲವು ಗಂಟೆಗಳಲ್ಲಿ ಬಹಳ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ನಡೆಯುತ್ತದೆಂದು ತೋರಿಸಿದನು. ಎಷ್ಟು ಸೊಗಸಾದ ಚಿತ್ರ ಕಟ್ಟಿದರೂ ತಿರುಗಿ ಕರೆಯದಿದ್ದರೆ ಅದೂ ಮಾಸುತ್ತದೆ. ಕರೆಯುವುದೆಂದರೆ ಪುಸ್ತಕ ತೆರೆದು ಮತ್ತೆ ಓದುವುದಲ್ಲ, ಪುಸ್ತಕ ಮುಚ್ಚಿ ಹೇಳಲು ಪ್ರಯತ್ನಿಸುವುದು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು, ವಾರದ ನಂತರ ಪರೀಕ್ಷಿಸಿದಾಗ ಮುಚ್ಚಿ ಹೇಳಿದವರು ಅವರನ್ನು ಮೀರಿಸಿದ್ದರು. ಹೇಳುವಾಗ ತಡವರಿಸುವ ಆ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತದೆ. ಮಕ್ಕಳು ತಡವರಿಸಿದ ಕೂಡಲೇ ಉತ್ತರ ಹೇಳಿಕೊಡುವ ತಂದೆತಾಯಿಗಳು ಒಂದಿಷ್ಟು ಕಾಯಬೇಕೆಂದು ಬೇಡಿಕೊಳ್ಳುತ್ತೇನೆ.

ಕರೆಯುವ ದಿನಗಳಿಗೂ ಗೂಟ ಬೇಕು. ಕಲಿತ ದಿನ ಮಲಗುವ ಮೊದಲು ಒಮ್ಮೆ, ಮರುದಿನ ಸ್ನಾನದ ಹೊತ್ತಿಗೆ ಒಮ್ಮೆ, ನಿಮ್ಮ ಊರಿನ ಸಂತೆಯ ದಿನ ಒಮ್ಮೆ, ಮುಂದಿನ ಹುಣ್ಣಿಮೆಗೆ ಒಮ್ಮೆ ಎಂದು ಇಟ್ಟುಕೊಂಡರೆ ಬೇರೆ ವೇಳಾಪಟ್ಟಿ ಬರೆಯುವ ಅಗತ್ಯವಿಲ್ಲ. ಯಾವುದು ತಪ್ಪಿತೋ ಅದನ್ನು ಮಾತ್ರ ಮತ್ತೆ ಮರುದಿನದ ಸರದಿಗೆ ಸೇರಿಸಿ. ಪರೀಕ್ಷೆಯ ಮುನ್ನಾದಿನ ನಿದ್ದೆಗೆಟ್ಟು ಓದುವುದು ಈ ಎಲ್ಲ ಶ್ರಮವನ್ನೂ ಹಾಳುಮಾಡುತ್ತದೆ, ಏಕೆಂದರೆ ಹಗಲು ಕಲಿತದ್ದು ನೆಲೆಗೊಳ್ಳುವುದು ನಿದ್ದೆಯಲ್ಲಿ.

ಕಲಿಯುವ ಕ್ರಮದ ಬಗ್ಗೆ ಒಂದು ಮಾತು. ಎಲ್ಲ ಹೆಜ್ಜೆಗಳನ್ನೂ ಒಂದೇ ವಾರದಲ್ಲಿ ಹಿಡಿಯಲು ಹೋಗಬೇಡಿ. ಮೊದಲ ವಾರ ಸರಪಳಿ, ಎರಡನೆಯ ಮತ್ತು ಮೂರನೆಯ ವಾರ ಮನೆಯ ತಾಣಗಳು, ನಾಲ್ಕನೆಯ ವಾರ ಕಟಪಯಾದಿ ಎಂದು ದಿನಕ್ಕೆ ಇಪ್ಪತ್ತು ನಿಮಿಷ ಕೊಟ್ಟರೆ ತಿಂಗಳೊಳಗೆ ಕೈ ಕೂಡುತ್ತದೆ.

ಅಭ್ಯಾಸ ಮುಂದುವರಿದಂತೆ ಮನೆಯ ಹತ್ತು ತಾಣಗಳು ಸಾಲದೆ ಹೋಗುತ್ತವೆ. ಸಭೆ ಮುಗಿದ ಮೇಲೆ ಬೇಡವಾದ ಚಿತ್ರಗಳನ್ನು ತೆಗೆಯಲು, ಬರಿದಾದ ಮನೆಯೊಳಗೆ ಎರಡು ಮೂರು ಸಲ ಮನಸ್ಸಿನಲ್ಲಿ ನಡೆದು, ಎಲ್ಲವನ್ನೂ ಗುಡಿಸಿ ಒರೆಸಿದಂತೆ ಕಾಣಬೇಕು. ಎರಡು ದಿನ ಬಿಟ್ಟು ಅಲ್ಲಿ ಹೊಸದನ್ನು ಇಡಬಹುದು. ಬಹುಕಾಲ ಉಳಿಯಬೇಕಾದುದಕ್ಕೆ ಮಾತ್ರ ಬೇರೆ ದಾರಿಯೇ ಇರಲಿ. ಶಿರಸಿಯವರು ಬಸ್ ನಿಲ್ದಾಣದಿಂದ ಮಾರಿಕಾಂಬಾ ದೇವಸ್ಥಾನದವರೆಗಿನ ರಸ್ತೆಯನ್ನು, ದೇವಿಕೆರೆಯ ಸುತ್ತಲಿನ ದಾರಿಯನ್ನು ಇದಕ್ಕೆ ಬಳಸಬಹುದು. ಕರಾವಳಿಯವರಿಗಂತೂ ಸಿದ್ಧವಾದ ದಾರಿಯೊಂದು ಈಗಾಗಲೇ ದೊರೆತಿದೆ: ಮೇಲೆ ಸರಪಳಿಯಾಗಿ ಕಲಿತ ಹನ್ನೆರಡು ನಿಲ್ದಾಣಗಳು. ಪಟ್ಟಿಯಾಗಿ ಕಲಿತದ್ದೇ ಈಗ ಹನ್ನೆರಡು ಗೂಟಗಳಾಗಿ ನಿಲ್ಲುತ್ತದೆ. ಅಸ್ನೋಟಿಯ ಪ್ಲಾಟ್‌ಫಾರ್ಮಿನ ಮೇಲೆ ಮೊದಲನೆಯದನ್ನು ಇಟ್ಟು, ಕಾರವಾರದಲ್ಲಿ ಎರಡನೆಯದನ್ನು ಇಳಿಸಿ, ಭಟ್ಕಳದವರೆಗೆ ಹೋಗಿ, ಅದೇ ಗಾಡಿಯಲ್ಲಿ ಹಿಂದಿರುಗುತ್ತ ಒಂದೊಂದನ್ನೂ ಹತ್ತಿಸಿಕೊಂಡು ಬನ್ನಿ.